ಕೈ ಬಿಟ್ಟರೆ ಒಡೆಯುವ ಕಲಸು

ನಿಜಾಮರ ಆಳಿಕೆಯಲ್ಲಿದ್ದ ನಮ್ಮ ಸೀಮೆಯನ್ನು ಜನ ಇನ್ನೂ ಮೊಗಲಾಯಿ ಎಂದೇ ಕರೆಯುತ್ತಿದ್ದ ದಿನಗಳವು. ಯಲಬುರ್ಗಾದ ಕಚೇರಿಯಲ್ಲಿ ಕಾಗದಪತ್ರವೆಲ್ಲ ಉರ್ದು, ಊರಿನ ಸರ್ಕಾರಿ ಸಾಲಿಯಲ್ಲಿ ಪಾಠವೂ ಉರ್ದು. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದಿದೆಯಂತೆ ಎಂಬುದು ಸೀಮೆಎಣ್ಣೆ ಸಿಗದ ದಿನ ಮಾತ್ರ ನಮ್ಮ ಮನೆಯಲ್ಲಿ ನೆನಪಾಗುತ್ತಿತ್ತು. ಮಕ್ಕಳಾದ ನಮಗೆ ಊರೆಂದರೆ ಮಾಳಿಗೆಗಳು. ನಮ್ಮ ಕಡೆಯ ಮನೆಗಳ ಮಟ್ಟಸವಾದ ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತಿದ್ದವು. ಓಣಿಯ ಈ ತುದಿಯಲ್ಲಿ ಹತ್ತಿದರೆ ನೆಲಕ್ಕೆ ಕಾಲಿಡದೆ ಆ ತುದಿಯಲ್ಲಿ ಇಳಿಯಬಹುದಿತ್ತು. ಒಂದೇ ಒಂದು ಕಡೆ, ನಮ್ಮ ಮನೆಗೂ ಕಂಬಾರರ ಮನೆಗೂ ನಡುವೆ, ಒಂದು ಮಾರು ಅಗಲದ ಸಂದಿ. ಅದನ್ನು ಹಾರಿದವರು ದೊಡ್ಡವರಾದ ಹಾಗೆ ಎಂದು ನಮ್ಮ ಗುಂಪಿನ ಕಟ್ಟಳೆ.

ದೀಪಾವಳಿಯಾಗಿ ಹದಿನೈದು ದಿನಕ್ಕೆ ಬರುವ ಗೌರಿ ಹುಣ್ಣಿಮೆಯ ಮರುದಿನ ನಾನು ಹಾರಿದೆ. ನನಗಾಗ ಒಂಬತ್ತು ವರ್ಷ. ಹಬ್ಬಕ್ಕೆಂದು ಹೊಲಿಸಿದ್ದ ಉದ್ದ ಲಂಗವನ್ನು ಎತ್ತಿ ಸಿಕ್ಕಿಸಿಕೊಳ್ಳುವುದು ನೆನಪಾಗಲಿಲ್ಲ. ಕಾಲು ಲಂಗಕ್ಕೆ ತೊಡರಿ ಸಂದಿಯೊಳಗೆ ಬಿದ್ದೆ. ಬಲಗಾಲಿನ ತೊಡೆ ಮುರಿಯಿತು.

ಎಲುಬು ಕೂಡಿಸುವ ಮುದುಕ ಬಂದು, ಬಿದಿರಿನ ದಬ್ಬೆ ಇಟ್ಟು, ಉದ್ದಿನ ಹಿಟ್ಟಿನ ಪಟ್ಟಿ ಸುತ್ತಿ, ಸೊಂಟದಿಂದ ಹಿಮ್ಮಡಿಯವರೆಗೆ ಬಿಗಿದು ಕಟ್ಟಿದ. "ಒಂದೂವರಿ ತಿಂಗಳು ಅಲುಗಾಡಂಗಿಲ್ಲ. ಅಲುಗಾಡಿದ್ರ ಕೂಸು ಕುಂಟಿ ಆಗ್ತೈತಿ ನೋಡ್ರಿ" ಎಂದು ಅಜ್ಜನಿಗೆ ಹೇಳಿ ಹೋದ. ಆಯಿ, ಅಂದರೆ ನನ್ನ ಅಜ್ಜಿ, ಆ ಮಾತನ್ನು ಬಂದಬಂದವರಿಗೆಲ್ಲ ಹೇಳಿದಳು. "ಗಂಡು ಕೂಸಾಗಿದ್ರ ಹೆಂಗರ ನಡೀತಿತ್ತು. ಹೆಣ್ಣ ಕೂಸು. ಕುಂಟೀನ ಯಾರು ಮಾಡ್ಕೋತಾರ?"

ಅಡುಗೆಮನೆಗೆ ಹೊಂದಿದ ನಡುಕೋಣೆಯಲ್ಲಿ ನುಲಿಯ ಹೊರಸು ಹಾಕಿ ನನ್ನನ್ನು ಮಲಗಿಸಿದರು. ಕಿಟಕಿಯಿಲ್ಲದ ಕೋಣೆ. ಮಾಳಿಗೆಯ ಬೆಳಕಿಂಡಿಯಿಂದ ಬರುವ ಅಂಗೈಯಗಲ ಬಿಸಿಲೇ ಬೆಳಕು. ಬೆಳಿಗ್ಗೆ ಅದು ಜೋಳ ತುಂಬಿಡುವ ಹಗೇವಿನ ಬದಿಯ ಗೋಡೆಯ ಮೇಲೆ ಇಳಿಯುತ್ತಿತ್ತು, ಮಧ್ಯಾಹ್ನ ನನ್ನ ಹೊರಸಿಗೆ ಬರುತ್ತಿತ್ತು, ಸಂಜೆಯಾಗುತ್ತ ಎದುರು ಗೋಡೆ ಹತ್ತಿ ಆರಿಹೋಗುತ್ತಿತ್ತು. ನನ್ನ ತಲೆಯ ಮೇಲೆಯೇ ಗೆಳತಿಯರು ದಡದಡ ಓಡುವುದು ಕೇಳುತ್ತಿತ್ತು. ಅವರ ಕಾಲ ಸಪ್ಪಳಕ್ಕೆ ಮಣ್ಣು ಉದುರಿ ನನ್ನ ಮುಖದ ಮೇಲೆ ಬೀಳುತ್ತಿತ್ತು. ಮೊದಲ ವಾರ ನಾನು ಅತ್ತೆ. ಆಮೇಲೆ ಅಳುವುದೂ ಬೇಸರವಾಯಿತು. ಊಟ ಬಿಟ್ಟೆ.

ಅವ್ವ ಹೆರಿಗೆಗೆಂದು ಕುಷ್ಟಗಿ ಕಡೆಯ ತವರಿಗೆ ಹೋಗಿದ್ದಳು, ಮುಂಗಾರಿನ ತನಕ ತಿರುಗಿ ಬರುವಂತಿರಲಿಲ್ಲ. ಅಪ್ಪ ಹೊಲದಿಂದ ಬಂದು, ಬಾಗಿಲಲ್ಲಿ ನಿಂತು, ನನ್ನ ಕಾಲನ್ನು ನೋಡಿ, ಏನೂ ಹೇಳದೆ ಹೋಗುವ ಜಾತಿಯವನು. ನನ್ನ ಆರೈಕೆಗೆ ಉಳಿದವಳು ಶಾಂತತ್ತಿ ಒಬ್ಬಳೇ. ಅಪ್ಪನ ತಂಗಿ, ಇಪ್ಪತ್ತು ತುಂಬಿರಲಿಲ್ಲ.

ಶಾಂತತ್ತಿಯೂ ನನ್ನ ಹಾಗೆಯೇ ಆ ಮನೆಯಲ್ಲಿ ಸಿಕ್ಕಿಕೊಂಡವಳು ಎಂಬುದು ನನಗೆ ಅರ್ಥವಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಅವಳ ಗಂಡ, ನನ್ನ ಮಾವ, ಅಣ್ಣತಮ್ಮಂದಿರಿಗೆ ಹೊಲ ಬಿಟ್ಟುಕೊಟ್ಟು ಗದಗಿನ ಹತ್ತಿ ಗಿರಣಿ ಸೇರಿದ್ದ, ಅವಳನ್ನೂ ಅಲ್ಲಿಯ ಬಾಡಿಗೆ ಖೋಲಿಗೆ, ಒಂಟಿ ಕೋಣೆಯ ಮನೆಗೆ, ಕರೆದೊಯ್ದಿದ್ದ. ಗದಗು ಅಂದರೆ ಇಂಗ್ರೇಜಿ ಸೀಮೆ. ಅಜ್ಜನಿಗೆ ಅದು ತಲೆ ತಗ್ಗಿಸುವ ಸಂಗತಿಯಾಯಿತು. ನಾಗರ ಪಂಚಮಿಗೆ ಮಗಳನ್ನು ಕರೆತಂದವನು ತಿರುಗಿ ಕಳಿಸಲಿಲ್ಲ. ದಸರೆಯ ಹೊತ್ತಿಗೆ ಮಾವ ತಾನೇ ಬಂದ. ಅಜ್ಜ ಅವನನ್ನು ಹೊರಗಿನ ಕಟ್ಟೆಯ ಮೇಲೆ ಕೂಡಿಸಿ, ನೀರು ಕೊಡಿಸಿ, "ಒಕ್ಕಲುತನದ ಮನಿಗೆ ಹೆಣ್ಣ ಕೊಟ್ಟೀನಿ, ಗಿರಣಿಗೆ ಕೊಟ್ಟಿಲ್ಲ. ಹೊಲಕ್ಕ ತಿರುಗಿ ಬಾ, ಆಮ್ಯಾಲ ಹೆಂಡ್ತಿ ಮಾತು" ಅಂದ. ಮಾವ ನೀರು ಕುಡಿದು ಎದ್ದು ಹೋದ. ಬಾಗಿಲ ಹಿಂದೆ ನಿಂತಿದ್ದ ಶಾಂತತ್ತಿಗೆ ಅವನ ಬೆನ್ನು ಮಾತ್ರ ಕಂಡಿತಂತೆ. ಅಂದಿನಿಂದ ಅವಳು ನೀರಿಗೂ ಹೊರಗೆ ಹೋಗುವಂತಿರಲಿಲ್ಲ. ಬಾವಿಗೆ ಆಯಿ ಹೋಗುತ್ತಿದ್ದಳು.

ನಾನು ಊಟ ಬಿಟ್ಟ ಮೂರನೆಯ ದಿನ ಅವಳು ಹಸಿ ಮೆಂತೆಸೊಪ್ಪು, ಮೂಲಂಗಿ, ಸವತೆಕಾಯಿ, ಉಳ್ಳಾಗಡ್ಡಿ ಹೆಚ್ಚಿಟ್ಟುಕೊಂಡು ನನ್ನ ಹೊರಸಿನ ಬಳಿ ಬಂದು ಕೂತಳು. ಜೊತೆಗೆ ಒಂದು ದೊಡ್ಡ ಕಟ್ಟಿಗೆ ಬಟ್ಟಲು.

"ಪಚಡಿ ನಂಗ ಬ್ಯಾಡ" ಅಂದೆ. ನಮ್ಮ ಮನೆಯ ಪಚಡಿ ಅಂದರೆ ಹಸಿ ಕಾಯಿಪಲ್ಯದ ಮೇಲೆ ಒಂದು ಚಿಟಿಕೆ ಉಪ್ಪು, ಒಂದು ಮುಟಿಗೆ ಗುರೆಳ್ಳು ಪುಡಿ. ನುಂಗಿದರೆ ಗಂಟಲಲ್ಲೇ ನಿಲ್ಲುವಂಥದು.

"ಇದು ಆಯಿ ಪಚಡಿ ಅಲ್ಲ. ಗದಗಿನದು. ಬಾಜೂ ಖೋಲಿಯಾಕಿ ಕಲಿಸಿದ್ಲು. ಸುಮ್ನ ನೋಡು" ಅಂದಳು.

ಬಟ್ಟಲಿಗೆ ರಾತ್ರಿಯ ಮೊಸರಿನ ಮೇಲಿನ ಗಟ್ಟಿ ಕೆನೆಯನ್ನು ಮಾತ್ರ ತೆಗೆದು ಹಾಕಿದಳು. ಹುರಿದು ಸಿಪ್ಪೆ ಕೊಡವಿದ ಶೇಂಗಾವನ್ನು ಎಣ್ಣೆ ಬಿಡುವ ತನಕ ಅರೆದು ಇಟ್ಟಿದ್ದಳು. ಅದನ್ನು, ಒಂದೆರಡು ಎಸಳು ಬೆಳ್ಳುಳ್ಳಿ ಜಜ್ಜಿದ್ದನ್ನು, ಉಪ್ಪನ್ನು ಕೆನೆಗೆ ಸೇರಿಸಿ ಬೆರಳುಗಳಿಂದ ಒಂದೇ ಸುತ್ತಿನಲ್ಲಿ ಬಡಿಯತೊಡಗಿದಳು. ಗಿಂಡಿಯಲ್ಲಿ ಗಾಣದ ಕುಸುಬಿ ಎಣ್ಣೆ ತುಂಬಿ ನನ್ನ ಕೈಗೆ ಕೊಟ್ಟಳು.

"ನೀ ಹನಿ ಹನಿ ಬಿಡು. ಒಂದು ಹನಿ ಕರಗಿದ ಮ್ಯಾಲ ಇನ್ನೊಂದು. ಗಡಿಬಿಡಿ ಮಾಡಿದ್ರ ಒಡೀತೈತಿ. ನಾ ಕೈ ಬಿಟ್ರೂ ಒಡೀತೈತಿ."

ಹೊರಸು ಗಿಡ್ಡದು, ಅವಳು ನೆಲದ ಮೇಲೆ. ನನ್ನ ಕೈ ಸರಿಯಾಗಿ ಬಟ್ಟಲಿನ ಮೇಲೆ ಬರುತ್ತಿತ್ತು. ಹನಿ ಬಿಟ್ಟೆ. ಎಣ್ಣೆ ಕೆನೆಯಲ್ಲಿ ಮಾಯವಾಯಿತು. ಇನ್ನೊಂದು ಬಿಟ್ಟೆ, ಅದೂ ಮಾಯ. ಅವಳ ಬಳೆಗಳು ಬಟ್ಟಲಿನ ಅಂಚಿಗೆ ತಾಗಿ ಒಂದೇ ತಾಳದಲ್ಲಿ ಸಪ್ಪಳ ಮಾಡುತ್ತಿದ್ದವು. ನೋಡುನೋಡುತ್ತ ಕೆನೆ ಉಬ್ಬಿತು, ಹೊಳಪು ಬಂತು, ಬೆರಳಿನಿಂದ ಎತ್ತಿದರೆ ಹಗುರಾಗಿ ಬಾಗಿ ನಿಲ್ಲುವ ಹಾಗಾಯಿತು. ಕೊನೆಗೆ ಅರ್ಧ ನಿಂಬೆ ಹಿಂಡಿ ಕಾಯಿಪಲ್ಯದ ಮೇಲೆ ಸುರಿದಳು. ಅದಕ್ಕೆ ಅವಳು ಕಲಸು ಅನ್ನುತ್ತಿದ್ದಳು. ಮೆಂತೆಯ ಕಹಿ, ಮೂಲಂಗಿಯ ಖಾರ ಎಲ್ಲವನ್ನೂ ಅದು ತನ್ನೊಳಗೆ ಮೆತ್ತಗೆ ಹಿಡಿದುಕೊಂಡಿತ್ತು. ಕಟಿರೊಟ್ಟಿ ಮುರಿದು ಅದರಲ್ಲಿ ಅದ್ದಿ ಎರಡು ರೊಟ್ಟಿ ತಿಂದೆ.

"ಕೂಸು ಉಣಾಕತ್ತೈತಿ" ಎಂದು ಆಯಿಗೆ ಸಮಾಧಾನವಾಯಿತು. "ದಿನಾ ಅದನ್ನ ಮಾಡಿ ಹಾಕು. ಹನುಮವ್ವಗ ಹೇಳು, ದಿನಾ ಸೊಪ್ಪು ತರಲಿ."

ಹನುಮವ್ವ ಪಕ್ಕದೂರಿನ ಬಾವಿ ತೋಟದವಳು. ತಲೆಯ ಮೇಲೆ ಬುಟ್ಟಿ ಹೊತ್ತು ಕಾಯಿಪಲ್ಯ ಮಾರಲು ಬರುತ್ತಿದ್ದಳು. ಅವಳ ಮಗ ಗದಗಿನ ಅದೇ ಗಿರಣಿಯಲ್ಲಿ ಕೆಲಸಕ್ಕಿದ್ದ. ಇದು ಶಾಂತತ್ತಿಗೆ ಗೊತ್ತಿತ್ತು, ಮನೆಯ ಉಳಿದವರಿಗೆ ಗೊತ್ತಿರಲಿಲ್ಲ.

ಹೀಗೆ ಹತ್ತು ದಿನ ಕಳೆದಿರಬೇಕು. ಒಂದು ಮಧ್ಯಾಹ್ನ ಶಾಂತತ್ತಿ ಮೆಂತೆಸೊಪ್ಪಿನ ಸಿವುಡು ಬಿಚ್ಚಿ, ಅದರೊಳಗಿಂದ ನಾಲ್ಕಾಗಿ ಮಡಚಿದ ಕಾಗದ ತೆಗೆದು ನನ್ನ ಎದೆಯ ಮೇಲಿಟ್ಟಳು.

"ನೀಲಿ, ನಿನಗ ಓದಾಕ ಬರ್ತೈತಲ್ಲ?"

ಬರುತ್ತಿತ್ತು. ಊರ ಮಠದ ಅಯ್ಯನವರು ಬೆಳಿಗ್ಗೆ ಹತ್ತೆಂಟು ಹುಡುಗರನ್ನು ಕೂಡಿಸಿಕೊಂಡು ಉಸುಕಿನ ಮೇಲೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದರು. ಅಜ್ಜನ ಬೆನ್ನು ಹತ್ತಿ ಮಠಕ್ಕೆ ಹೋಗುತ್ತಿದ್ದ ನಾನು ಹುಡುಗರ ಹಿಂದೆ ಕೂತು ಕಲಿತಿದ್ದೆ. ಆ ಮನೆಯ ಹೆಂಗಸರಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ.

ಶಾಂತತ್ತಿ ಕಲಸು ಬಡಿಯಲು ಕೂತಳು. ಬಳೆಗಳ ಸಪ್ಪಳದ ಅಡಿಯಲ್ಲಿ ನಾನು ಸಣ್ಣ ದನಿಯಲ್ಲಿ ಓದಿದೆ. 'ಚಿ. ಸೌ. ಶಾಂತವ್ವಳಿಗೆ ಆಶೀರ್ವಾದ. ಇತ್ತ ನಾನು ಕ್ಷೇಮ. ಖೋಲಿಯಲ್ಲಿ ಒಬ್ಬನೇ ಇದ್ದೇನೆ. ನೀನು ಗೋಡೆಗೆ ಬರೆದ ಎಲೆಬಳ್ಳಿ ಅಳಿಸಿಲ್ಲ. ಬಾಜೂ ಖೋಲಿಯವರು ನಿನ್ನನ್ನು ದಿನಾ ಕೇಳುತ್ತಾರೆ...' ಹೊರಗೆ ಪಡಸಾಲೆಯಲ್ಲಿ ಆಯಿ ಬತ್ತಿ ಹೊಸೆಯುತ್ತಿದ್ದಳು. "ಶಾಂತಾ, ಒಂದೀಟು ಬಾ ಇಲ್ಲೆ" ಎಂದು ಕೂಗಿದಳು.

"ಕೈ ಬಿಟ್ರ ಒಡೀತೈತಿ ಯವ್ವಾ. ಇದೊಂದು ಮುಗಿಸಿ ಬರ್ತೀನಿ" ಅಂದಳು ಶಾಂತತ್ತಿ, ಬಾಗಿಲ ಕಡೆ ನೋಡದೆ. ಕಣ್ಣೀರು ಗಲ್ಲದ ಮೇಲೆ ಇಳಿದರೂ ಕೈ ನಿಲ್ಲಿಸಲಿಲ್ಲ.

ಮಾವ ಕಾಗದದ ಕೆಳಗಿನ ಅರ್ಧವನ್ನು ಖಾಲಿ ಬಿಟ್ಟಿದ್ದ, ಉತ್ತರ ಬರೆಯಲೆಂದು. ಅವಳು ಹೇಳಿದ್ದನ್ನು ನಾನು ಸೀಸದಕಡ್ಡಿಯಿಂದ ಬರೆದೆ. ಮರುದಿನ ಅದು ಹನುಮವ್ವನ ಬುಟ್ಟಿ ಸೇರಿತು. ಇನ್ನೆರಡು ಕಾಗದ ಬಂದವು, ಎರಡು ಹೋದವು.

ಆ ದಿನಗಳಲ್ಲಿ ನನಗೆ ಹೊರಸು ಭಾರವಾಗಲಿಲ್ಲ. ಮಾಳಿಗೆಯ ಮೇಲಿನ ಓಟ ಕೇಳಿದರೂ ಹೊಟ್ಟೆ ಉರಿಯಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಶಾಂತತ್ತಿ ನನ್ನ ತಲೆ ಬಾಚುತ್ತ ಗದಗಿನ ನಲ್ಲಿಯ ನೀರು, ಗಿರಣಿಯ ಸೀಟಿ, ಕೂದಲಿನಲ್ಲಿ ಹತ್ತಿ ಮೆತ್ತಿಕೊಂಡು ಬರುವ ಗಂಡಸರು ಎಲ್ಲವನ್ನೂ ಹೇಳುತ್ತಿದ್ದಳು. ನಾನು ಅವಳಿಗೆ ಬೇಕಾದವಳಾಗಿದ್ದೆ. ಹಾಗೆ ನಾನು ಯಾರಿಗೂ ಮೊದಲು ಬೇಕಾಗಿರಲಿಲ್ಲ.

ನಾಲ್ಕನೆಯ ಕಾಗದ ಎಳ್ಳ ಅಮಾವಾಸ್ಯೆಗೆ ಐದು ದಿನ ಮುಂಚೆ ಬಂತು. ಬಿಚ್ಚಿದ ಕೂಡಲೇ ಕಂಡಿತು, ಈ ಸಲ ಕೆಳಗೆ ಖಾಲಿ ಜಾಗವಿಲ್ಲ. ಮೇಲಿನ ಕ್ಷೇಮಸಮಾಚಾರ ಓದಿ ಕೆಳಗೆ ಇಳಿದೆ. ಅಲ್ಲಿ ಹೀಗಿತ್ತು: 'ಎಳ್ಳ ಅಮಾವಾಸ್ಯೆಯ ದಿನ ನಿಮ್ಮ ಮನೆಯವರೆಲ್ಲ ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತಾರೆ. ಆ ದಿನ ಭಾನಾಪುರ ಸ್ಟೇಷನ್ನಿನಲ್ಲಿ ಮಧ್ಯಾಹ್ನದ ಗಾಡಿಯ ಹೊತ್ತಿಗೆ ನಿಂತಿರುತ್ತೇನೆ. ಎರಡು ಹರಿದಾರಿ ದಾರಿ, ಹಗಲು ಹೊತ್ತು, ಹನುಮವ್ವನನ್ನು ಜೊತೆಗೆ ಕರೆದುಕೋ. ಬಾ. ಬರದಿದ್ದರೆ ನಿನಗೇ ಮನಸ್ಸಿಲ್ಲ ಎಂದು ತಿಳಿದು ನಾನು ಇನ್ನು ಬರೆಯುವುದಿಲ್ಲ.'

ಕಣ್ಣಲ್ಲೇ ಓದಿಕೊಂಡೆ. ಬಾಯಿಗೆ ತರಲಿಲ್ಲ.

ಅದೇಕೆ ಎಂದು ಇಷ್ಟು ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಕೆಟ್ಟದು ಮಾಡಬೇಕೆಂದು ಅಲ್ಲ. ಅವಳು ಹೋದರೆ ಆ ಕೋಣೆಯಲ್ಲಿ ನಾನು, ದಬ್ಬೆ ಕಟ್ಟಿದ ಕಾಲು, ಬೆಳಕಿಂಡಿ ಮೂರೇ ಉಳಿಯುತ್ತಿದ್ದೆವು. ಅಷ್ಟೇ ಹೊಳೆದದ್ದು.

"ಯಾಕ ನಿಂತಿ?" ಅಂದಳು ಶಾಂತತ್ತಿ. "ಕೆಳಗ ಭಾಳ ಬರದಾರಲ್ಲ. ಏನೈತಿ?"

"ಗಿರಣಿ ಸುದ್ದಿ."

"ಅದನ್ನೂ ಓದು."

ಓದಿದೆ. ಅಂದರೆ ಕಟ್ಟಿದೆ. ಅವಳೇ ಹೇಳಿದ್ದ ಮಾತುಗಳನ್ನು ಅವಳಿಗೇ ತಿರುಗಿಸಿ ಕೊಟ್ಟೆ. ಹೊಸ ಯಂತ್ರ ಬಂದಿದೆ, ಹತ್ತಿ ಈ ಸಲ ಭಾಳ ಬಂದಿದೆ, ರಜೆ ಇಲ್ಲ, ಎರಡು ತಿಂಗಳು ಪುರಸತ್ತು ಇಲ್ಲ. ಕಾಗದದ ಮೇಲೆ ಕಣ್ಣಿಟ್ಟೇ ಹೇಳಿದೆ. ಶಾಂತತ್ತಿ ಕಲಸು ಬಡಿಯುತ್ತ ನಗುಮುಖ ಮಾಡಿ ಕೇಳಿದಳು. "ಪಾಪ, ಭಾಳ ಕೆಲಸ ಬಿದ್ದೈತಿ ಅವರಿಗೆ" ಅಂದಳು. ಕಾಗದವನ್ನು ಮಡಚಿ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಳು.

ಅಮಾವಾಸ್ಯೆಯ ಬೆಳಿಗ್ಗೆ ಸಜ್ಜೆ ರೊಟ್ಟಿ, ಬದನೆಕಾಯಿ ಭರ್ತ, ಎಳ್ಳುಹೋಳಿಗೆಯ ವಾಸನೆ ಮನೆಯನ್ನೆಲ್ಲ ತುಂಬಿತ್ತು. ಬುಟ್ಟಿಗಳನ್ನು ಗಾಡಿಗೆ ಏರಿಸಿ, ನನ್ನನ್ನು ನೋಡಿಕೊಳ್ಳಲು ಶಾಂತತ್ತಿಯನ್ನು ಬಿಟ್ಟು, ಅಜ್ಜ, ಆಯಿ, ಅಪ್ಪ ಪೈರಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋದರು. ಓಣಿಗೆ ಓಣಿಯೇ ಹೋಯಿತು. ಎತ್ತಿನ ಗೆಜ್ಜೆ ದೂರವಾದ ಮೇಲೆ ಊರಲ್ಲಿ ಒಂದು ನಾಯಿ ಕೂಡ ಬೊಗಳಲಿಲ್ಲ. ತಲೆಬಾಗಿಲು ತೆರೆದೇ ಇತ್ತು. ಹೊರಸಿನಿಂದ ನನಗೆ ಬಾಗಿಲು ಕಾಣುತ್ತಿತ್ತು, ಅದರಾಚೆಯ ಬಿಸಿಲೂ ಕಾಣುತ್ತಿತ್ತು.

ಶಾಂತತ್ತಿ ತಲೆಗೆ ನೀರು ಹಾಕಿಕೊಂಡು, ಗದಗಿನಲ್ಲಿ ಉಡುತ್ತಿದ್ದ ಹಸಿರು ಸೀರೆ ಉಟ್ಟು ಬಂದಳು. ಒದ್ದೆ ಕೂದಲು ಬಿಟ್ಟುಕೊಂಡೇ ಬಟ್ಟಲು ಹಿಡಿದು ನನ್ನ ಬಳಿ ಕೂತಳು.

"ಇವತ್ತು ಯಾರೂ ಕರಿಯೋರಿಲ್ಲ, ಯಾರ ಗಡಿಬಿಡೀನೂ ಇಲ್ಲ" ಅಂದಳು. "ಇಡೀ ದಿನ ನಮ್ಮದ."

ಗಿಂಡಿ ಹಿಡಿದು ತಲೆಬಾಗಿಲ ಕಡೆ ನೋಡುತ್ತಿದ್ದೆ, ಗಿಂಡಿ ವಾಲಿತು. ಎಣ್ಣೆ ಧಾರೆಯಾಗಿ ಸುರಿಯಿತು. ಕಲಸು ಒಡೆದು ಹರಳು ಹರಳಾಯಿತು, ಎಣ್ಣೆ ಬೇರೆ ನೀರು ಬೇರೆ ಆಗಿ ನಿಂತಿತು. ನಾನು ಅಳಲು ಶುರು ಮಾಡಿದೆ.

"ಅಯ್ಯ, ಇದಕ್ಯಾಕ ಅಳ್ತಿ ಹುಚ್ಚಿ? ಇದನ್ನ ಕೂಡಿಸಾಕ ಬರ್ತೈತಿ" ಎಂದು ಬೇರೆ ಬಟ್ಟಲಲ್ಲಿ ಒಂದು ಚಮಚ ಹೊಸ ಕೆನೆ ತೆಗೆದುಕೊಂಡು, ಒಡೆದದ್ದನ್ನು ಸ್ವಲ್ಪ ಸ್ವಲ್ಪವೇ ಅದಕ್ಕೆ ಸೇರಿಸುತ್ತ ಬಡಿದಳು. ಅವಳು ಹೇಳಿದ ಹಾಗೆಯೇ ಅದು ಮತ್ತೆ ಕೂಡಿತು. ನನಗೆ ತಿನ್ನಿಸಿದಳು. ತಾನೂ ತಿಂದಳು. ನನಗೆ ಮಣ್ಣು ತಿಂದ ಹಾಗಾಯಿತು.

ಬಿಸಿಲು ಹಗೇವಿನ ಬದಿಯಿಂದ ಸರಿಯುತ್ತ ನನ್ನ ಹೊರಸಿಗೆ ಬಂತು. ಈಗ ಹೊರಟರೂ ಮುಟ್ಟಬಹುದು ಎಂದುಕೊಂಡೆ. ಮಾವ ಈಗ ಸ್ಟೇಷನ್ನಿಗೆ ಬಂದಿರುತ್ತಾನೆ, ಊರ ದಾರಿಯ ಕಡೆ ನೋಡುತ್ತಿರುತ್ತಾನೆ.

"ಅತ್ತಿ" ಅಂದೆ.

"ಏನು?"

"ನೀರು" ಅಂದೆ.

ಎದ್ದು ಹೋಗಿ ನೀರು ತಂದುಕೊಟ್ಟಳು. ಬಿಸಿಲು ಹೊರಸು ದಾಟಿ ಎದುರು ಗೋಡೆ ಹತ್ತಿತು. ಆಮೇಲೆ ಹೇಳಿ ಉಪಯೋಗವಿರಲಿಲ್ಲ. ಶಾಂತತ್ತಿ ಗೋಡೆಗೆ ಒರಗಿ, ಸೆರಗು ಮುಖಕ್ಕೆ ಹಾಕಿಕೊಂಡು ನಿದ್ದೆ ಹೋಗಿದ್ದಳು. ಅವಳು ಅಷ್ಟು ನಿಶ್ಚಿಂತೆಯಿಂದ ಮಲಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಾಲ್ಕಾರು ದಿನಕ್ಕೆ ಮುದುಕ ಬಂದು ದಬ್ಬೆ ಬಿಚ್ಚಿದ. ಕಾಲು ನೆಟ್ಟಗೆ ಕೂಡಿತ್ತು. ಆಯಿ ದೇವರಿಗೆ ಕಾಯಿ ಒಡೆದಳು. ಕೋಲು ಹಿಡಿದು ಅಂಗಳಕ್ಕೆ ಬಂದೆ, ಗೆಳತಿಯರು ಮುತ್ತಿಕೊಂಡರು. ಆದರೆ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಒಳಗೆ ಶಾಂತತ್ತಿ ಪ್ರತಿದಿನ ಮೆಂತೆಸೊಪ್ಪಿನ ಸಿವುಡು ಬಿಚ್ಚಿ, ಒಂದೊಂದೇ ಕಡ್ಡಿ ಬಿಡಿಸಿ ನೋಡುತ್ತಿದ್ದಳು. ಸೊಪ್ಪು ಮಾತ್ರ ಇರುತ್ತಿತ್ತು.

ಸಂಕ್ರಮಣ ಕಳೆದ ಮೇಲೆ ಒಂದು ದಿನ ಹನುಮವ್ವ ಬುಟ್ಟಿ ಇಳಿಸಿ ಶಾಂತತ್ತಿಯ ಕಿವಿಯಲ್ಲಿ ಬಹಳ ಹೊತ್ತು ಏನೋ ಹೇಳಿದಳು. ನಾನು ಹೊಸ್ತಿಲ ಒಳಗಿದ್ದೆ. ಎರಡು ಮಾತು ಕೇಳಿದವು: "ಸೋಲಾಪುರಕ್ಕ ಹೋಗ್ಯಾರಂತ", "ಸಂಜೀತನ ಸ್ಟೇಷನ್ಯಾಗ ನಿಂತಿದ್ರಂತ."

ಶಾಂತತ್ತಿ ಒಳಗೆ ಬಂದಳು. ಟ್ರಂಕು ತೆರೆದು, ಸೀರೆಗಳ ಕೆಳಗಿನಿಂದ ನಾಲ್ಕನೆಯ ಕಾಗದ ತೆಗೆದು ನನ್ನ ಮುಂದಿಟ್ಟಳು. ಈ ಸಲ ಬಟ್ಟಲು ಇರಲಿಲ್ಲ, ಬಳೆಯ ಸಪ್ಪಳ ಇರಲಿಲ್ಲ.

"ಮತ್ತೊಮ್ಮೆ ಓದು."

ಓದಿದೆ. ಇದ್ದದ್ದನ್ನು ಇದ್ದ ಹಾಗೆ, ಕೊನೆಯ ಸಾಲಿನವರೆಗೆ. ನಡುವೆ ಬಿಕ್ಕಿದಾಗ ಅವಳು ಕಾಯ್ದಳು, ಮುಂದೆ ಓದು ಎಂದು ಕೈ ಮಾಡಿದಳು. ಮುಗಿದ ಮೇಲೆ ಕೈ ಚಾಚಿ ಕಾಗದ ಇಸಿದುಕೊಂಡಳು. ಹೊಡೆಯುತ್ತಾಳೆ ಎಂದು ಕಣ್ಣು ಮುಚ್ಚಿದೆ.

"ಯಾಕ ನೀಲಿ?"

"ನೀ ಹೋಗಿಬಿಡ್ತಿದ್ದಿ."

ಅವಳು ಎದ್ದು ಒಂದು ಹಾಳೆ ತಂದಳು. "ಬರಿ. ಈ ಸಲ ನಾ ಏನ ಹೇಳ್ತೀನೋ ಅಷ್ಟ ಬರಿ."

ನಾನು ಬರೆದೆ. 'ನೀವು ಬರೆದದ್ದು ನನಗೆ ಮುಟ್ಟಲಿಲ್ಲ. ಓದಿ ಹೇಳುವ ಹುಡುಗಿ ಅದನ್ನು ಹೇಳಲಿಲ್ಲ, ಮುಚ್ಚಿಟ್ಟಳು. ಅವಳ ಕೈಯಿಂದಲೇ ಇದನ್ನು ಬರೆಸಿದ್ದೇನೆ. ನನಗೆ ಮನಸ್ಸಿಲ್ಲ ಎಂಬುದು ಸುಳ್ಳು. ಎಲ್ಲಿಗೆ ಬರಬೇಕು ತಿಳಿಸಿರಿ. ಈ ಸಲ ಕದ್ದು ಬರುವುದಿಲ್ಲ, ಹೇಳಿ ಬರುತ್ತೇನೆ.' ನನ್ನ ತಪ್ಪನ್ನು ನನ್ನದೇ ಅಕ್ಷರದಲ್ಲಿ ನೋಡಿದ್ದು ಅದೇ ಮೊದಲು. ಬರೆದ ಮೇಲೆ ಆ ಹಾಳೆಯನ್ನು ಅವಳು ನನ್ನ ಕೈಯಿಂದ ತೆಗೆದುಕೊಂಡು, ಅಕ್ಷರಗಳ ಮೇಲೆ ಬೆರಳಾಡಿಸಿದಳು. ತಾನು ಹೇಳಿದ್ದನ್ನೇ ನಾನು ಬರೆದಿದ್ದೇನೋ ಇಲ್ಲವೋ ಎಂದು ಅವಳಿಗೆ ತಿಳಿಯುವಂತಿರಲಿಲ್ಲ. ಅದು ಅವಳ ಮುಖದಲ್ಲಿ ಕಂಡಿತು.

"ನಾಳಿಯಿಂದ ನನಗ ಅಕ್ಷರ ಕಲ್ಸು" ಅಂದಳು.

ಕಲಿಸಿದೆ. ದಿನಾ ಮಧ್ಯಾಹ್ನ, ಬೆಳಕಿಂಡಿಯ ಕೆಳಗೆ, ರೊಟ್ಟಿಯ ಹಿಟ್ಟನ್ನು ಪರಾತದಲ್ಲಿ ಹರಡಿಕೊಂಡು. ಆಯಿ ಬಂದರೆ ಶಾಂತತ್ತಿ ನೀರು ಹಾಕಿ ಹಿಟ್ಟು ನಾದಿಬಿಡುತ್ತಿದ್ದಳು. ಅವಳು ನನ್ನೊಡನೆ ಮಾತು ಬಿಡಲಿಲ್ಲ, ಸಿಡಿಮಿಡಿ ಮಾಡಲಿಲ್ಲ. ಆದರೆ ಗದಗಿನ ಮಾತು ನಿಂತುಹೋಯಿತು. ನಾನು ಕೇಳಿದರೆ, "ಏನೈತಿ ಅದರಾಗ, 'ಖ'ಕ್ಕ ಒತ್ತು ಹೆಂಗ ತೋರಸು" ಅನ್ನುತ್ತಿದ್ದಳು.

ಯುಗಾದಿ ದಾಟಿ, ಬೇಸಿಗೆಯ ಉರಿ ಏರಿದ ಮೇಲೆ, ಹನುಮವ್ವನ ಮಗನ ಕೈ ದಾಟಿ, ಸೋಲಾಪುರದಿಂದ ಉತ್ತರ ಬಂತು. ಮೆಂತೆಯ ಕಾಲ ಮುಗಿದಿತ್ತು, ಸವತೆಕಾಯಿಯ ಅಡಿಯಲ್ಲಿತ್ತು. ಶಾಂತತ್ತಿ ಅದನ್ನು ಬೆಳಕಿಂಡಿಯ ಕೆಳಗೆ ಹಿಡಿದು, ತುಟಿ ಅಲುಗಿಸುತ್ತ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ನಾನು ಹೊಸ್ತಿಲ ಮೇಲೆ ಕೂತಿದ್ದೆ. ಅವಳು ಓದುತ್ತ ತೊಡರಿದಲ್ಲಿ ನಾನು ಎದ್ದೆ. ಅವಳು ತಲೆಯೆತ್ತದೆ ಬ್ಯಾಡ ಎಂದು ಕೈಯಾಡಿಸಿದಳು. ಅದರಲ್ಲಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಒಂದು ಗಂಟು ಹಿಡಿದುಕೊಂಡು ಕಟ್ಟೆಗೆ ಬಂದು ಅಜ್ಜನ ಮುಂದೆ ನಿಂತಳು.

"ಯಪ್ಪಾ, ನಾ ಸೋಲಾಪುರಕ್ಕ ಹೊಂಟೀನಿ. ಅವರು ಸ್ಟೇಷನ್ನಿಗೆ ಬರ್ತಾರ."

ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ನಿಲ್ಲಿಸಿದ. "ಯಾರು ಹೇಳಿದ್ರು ನಿನಗ?"

"ಕಾಗದ ಬಂದೈತ್ರಿ. ನಾನ ಓದ್ಕೊಂಡೀನಿ."

"ನೀ ಓದಿದಿ?"

"ಹೂನ್ರಿ."

ಅಜ್ಜ ಅವಳನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ. "ಈ ಹೊಸ್ತಿಲ ದಾಟಿದ್ರ ತಿರುಗಿ ಬರೂದಿಲ್ಲ ಅಂತ ತಿಳ್ಕೊ" ಅಂದ. ಆಯಿ ಬಾಗಿಲಲ್ಲಿ ಅಳುತ್ತಿದ್ದಳು. ಶಾಂತತ್ತಿ ಬಾಗಿ ಅಜ್ಜನ ಕಾಲು ಮುಟ್ಟಿದಳು. ಅವನು ಕಾಲನ್ನು ಹಿಂದೆ ಎಳೆದುಕೊಳ್ಳಲೂ ಇಲ್ಲ, ತಲೆಯ ಮೇಲೆ ಕೈ ಇಡಲೂ ಇಲ್ಲ. ಆಗ ಅಷ್ಟು ತಿಂಗಳು ಒಂದು ಮಾತೂ ಆಡದಿದ್ದ ಅಪ್ಪ ಕೊಟ್ಟಿಗೆಗೆ ಹೋಗಿ ಗಾಡಿ ಹೂಡಿದ. "ಬಿಸಲೇರತೈತಿ. ಹತ್ತು" ಅಂದ. ಅಷ್ಟೇ. ನಾನು ಕಂಬಾರರ ಮನೆ ದಾಟಿ ಓಣಿಯ ತುದಿಯ ತನಕ ಗಾಡಿಯ ಹಿಂದೆ ಓಡಿದೆ. ಶಾಂತತ್ತಿ ತಿರುಗಿ ನೋಡಿ, "ಕಾಲು ಜ್ವಾಕಿ" ಅಂದಳು.

ಅಜ್ಜ ಆಡಿದ ಮಾತಿಗೆ ಗಟ್ಟಿಯಾಗಿಯೇ ನಿಂತ. ಆಮೇಲಿನ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ಗದ್ದಲ ಎದ್ದು, ಗಡಿಯಾಚೆ ಹೋಗಿಬರುವುದೇ ಕಷ್ಟವಾಯಿತು. ಆಯಿ ಆ ಗದ್ದಲದ ನಡುವೆ ಮಗಳ ಮುಖ ಕಾಣದೆ ತೀರಿಕೊಂಡಳು. ನನ್ನನ್ನು ಮತ್ತೆ ಮಠಕ್ಕೆ ಕಳಿಸಲಿಲ್ಲ. ಹೆಣ್ಣಿಗೆ ಅಕ್ಷರ ಬಂದರೆ ಏನಾಗುತ್ತದೆ ಎಂಬುದನ್ನು ಅಜ್ಜ ಕಣ್ಣಾರೆ ಕಂಡಿದ್ದ. ಮದುವೆಯಾಗಿ ಕೊಪ್ಪಳಕ್ಕೆ ಬಂದೆ, ಮನೆಯಲ್ಲೇ ಕೂತು ಸಿಕ್ಕಿದ್ದನ್ನೆಲ್ಲ ಓದಿದೆ. ಶಾಂತತ್ತಿ ಸೋಲಾಪುರದಲ್ಲಿ ನಾಲ್ಕು ಮಕ್ಕಳನ್ನು ಸಾಕಿ, ಮಾವನೊಡನೆ ಸುಖದುಃಖ ಎರಡನ್ನೂ ಕಂಡು ಬಾಳಿದಳು. ನನ್ನ ಪ್ರತಿ ಬಾಣಂತನಕ್ಕೂ ಬಂದಳು. ಆ ಅಮಾವಾಸ್ಯೆಯ ಮಾತನ್ನು ಒಂದು ದಿನವೂ ಎತ್ತಲಿಲ್ಲ. ಕ್ಷಮಿಸಿದ್ದಾಳೆ ಎಂದೇ ನಾನು ತಿಳಿದಿದ್ದೆ. ಕ್ಷಮಿಸಿದ್ದಳು ಕೂಡ.

ಮಾವ ತೀರಿಕೊಂಡ ಮೇಲೆ ಅವಳು ನಮ್ಮ ಮನೆಗೆ ಬಂದು ಎರಡು ತಿಂಗಳು ಇದ್ದಳು. ಕಣ್ಣಿಗೆ ಪೊರೆ ಬಂದಿತ್ತು. ಒಂದು ಮಧ್ಯಾಹ್ನ ಸೋಲಾಪುರದ ಮಗನಿಂದ ಕಾಗದ ಬಂತು. ಮನೆಯಲ್ಲಿ ನಾವಿಬ್ಬರೇ. ಅವಳು ಕಾಗದವನ್ನು ಕಿಟಕಿಗೆ ಹಿಡಿದಳು, ದೂರ ಮಾಡಿದಳು, ಹತ್ತಿರ ತಂದಳು. ಅಕ್ಷರ ಕಾಣಲಿಲ್ಲ.

"ಕೊಡು ಅತ್ತಿ, ನಾ ಓದ್ತೀನಿ" ಎಂದು ಕೈ ಚಾಚಿದೆ.

"ಇರಲಿ ಬಿಡವ್ವಾ, ನಿನಗ್ಯಾಕ ತ್ರಾಸು" ಅಂದಳು. ದನಿಯಲ್ಲಿ ಎಳ್ಳಷ್ಟೂ ಕಹಿ ಇರಲಿಲ್ಲ. ಕಾಗದವನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡು, ನನ್ನ ಮಗಳು ಸಾಲಿಯಿಂದ ಬರುವ ತನಕ, ಸಂಜೆಯವರೆಗೆ ಹಾಗೆಯೇ ಕೂತಳು. ಮಗಳು ಬಂದ ಕೂಡಲೇ ಅವಳ ಕೈಗೆ ಕೊಟ್ಟಳು.

ನಾನು ಚಾಚಿದ್ದ ಕೈಯನ್ನು ಹಿಂತೆಗೆದುಕೊಂಡು ಅಡುಗೆಮನೆಗೆ ಹೋದೆ. ಒಂಬತ್ತು ವರ್ಷದ ಹುಡುಗಿಯ ಎದೆಯ ಮೇಲೆ ಒಬ್ಬಳು ತನ್ನ ಬದುಕನ್ನೇ ನಾಲ್ಕಾಗಿ ಮಡಚಿ ಇಟ್ಟಿದ್ದಳು. ಅಷ್ಟು ನೆಚ್ಚಿ ನನಗೆ ಆಮೇಲೆ ಯಾರೂ ಏನನ್ನೂ ಕೊಡಲಿಲ್ಲ.